ಸೀಲ್ ಹೊಸದು, ಸೋರಿಕೆ ಹಳೆಯದು

ಹಳೆಯ ಯುರೋಪಿಯನ್ ಕಾರುಗಳನ್ನು, ಅದರಲ್ಲೂ ಹಿಂದೆ ಸರಕಿನ ಜಾಗದವರೆಗೂ ಚಾವಣಿ ಚಾಚಿಕೊಂಡಿರುವ ಸ್ಟೇಷನ್ ವ್ಯಾಗನ್‌ಗಳನ್ನು, ಮಾಲೀಕರ ಮನೆಯಲ್ಲಿಯೇ ನಿಲ್ಲಿಸಿಕೊಂಡು ರಿಪೇರಿ ಮಾಡಿಕೊಡುವುದು ನನ್ನ ವೃತ್ತಿ. ಕಾರನ್ನು ಎತ್ತಿ ನಿಲ್ಲಿಸುವ ಲಿಫ್ಟ್ ಇಲ್ಲದ ಕಡೆ, ಒಂದು ಜಾಕ್, ನಾಲ್ಕು ಸ್ಟ್ಯಾಂಡ್, ಚಕ್ರಕ್ಕೆ ಕೊಡುವ ಮರದ ದಿಮ್ಮಿಗಳು ಮತ್ತು ಒಂದು ಕೈದೀಪ ಇಷ್ಟನ್ನೇ ನಂಬಿಕೊಂಡು ಬೆನ್ನ ಮೇಲೆ ಮಲಗಿ ಮಾಡುವ ಈ ಕೆಲಸದಲ್ಲಿ ಒಂದು ತಪ್ಪು ನಿರ್ಣಯದ ಬೆಲೆ ಎರಡು ದಿನದ ದೇಹಶ್ರಮ. ಅಂಥ ಒಂದು ತಪ್ಪನ್ನು ನಾನು ಮಾಡಿದ್ದೇನೆ. ಅದಾದ ಮೇಲೆ ನನ್ನ ಕೆಲಸದ ಕ್ರಮವೇ ಬದಲಾಗಿದ್ದರಿಂದ ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕಾರು ವೋಲ್ವೊ 240 ಸರಣಿಯ ವ್ಯಾಗನ್. 1974ರಿಂದ 1993ರವರೆಗೆ ತಯಾರಾದ ಈ ಸರಣಿಯಲ್ಲಿ ವ್ಯಾಗನ್ನಿಗೆ ಮೊದಲು 245 ಎಂಬ ಹೆಸರಿತ್ತು. 2 ಎಂದರೆ ಸರಣಿ, 4 ಎಂದರೆ ಸಿಲಿಂಡರ್‌ಗಳು, 5 ಎಂದರೆ ಹಿಂಬಾಗಿಲೂ ಸೇರಿ ಬಾಗಿಲುಗಳ ಸಂಖ್ಯೆ. ಒಳಗಿದ್ದದ್ದು ಬಿ230ಎಫ್, ಅಂದರೆ 2.3 ಲೀಟರಿನ, ಎರಕದ ಕಬ್ಬಿಣದ ಬ್ಲಾಕ್ ಇರುವ ಎಂಜಿನ್. ವಾಲ್ವ್‌ಗಳ ಚಲನೆಯನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗದಂಥ ರಚನೆ ಅದರದ್ದು. ಮನೆಯಲ್ಲಿ ಕೆಲಸ ಕಲಿಯುವವರಿಗೆ ಇದಕ್ಕಿಂತ ಸಹನಶೀಲವಾದ ಎಂಜಿನ್ ಸಿಗುವುದು ಕಷ್ಟವೆಂದು ನಾನು ಈಗಲೂ ಹೇಳುತ್ತೇನೆ. ಇದೇ ಕುಟುಂಬದ 16 ವಾಲ್ವ್‌ಗಳ ಬಿ234 ಎಂಜಿನ್ನಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅದರಲ್ಲಿ ಬೆಲ್ಟ್ ಹೋದರೆ ವಾಲ್ವ್‌ಗಳೂ ಹೋಗುತ್ತವೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆ ಎಂಬುದು ಮಾಲೀಕರ ದೂರಾಗಿತ್ತು. ನಾನು ಕೆಳಗೆ ನುಗ್ಗಿ ನೋಡಿದೆ, ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚವಾದ ಬೆಲ್‌ಹೌಸಿಂಗ್‌ನ ಕೆಳ ಅಂಚು ತೊಯ್ದಿತ್ತು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಹಿಂಬದಿ ಸೀಲ್, ಅಂದರೆ ಅಲ್ಲಿ ಎಣ್ಣೆ ತಡೆಯುವ ಬಳೆ, ಹೋಗಿದೆ ಎಂದು ಅಲ್ಲಿಯೇ ತೀರ್ಮಾನಿಸಿದೆ. ತೀರ್ಮಾನ ಪೂರ್ತಿ ಸುಳ್ಳಾಗಿರಲಿಲ್ಲ, ಎಣ್ಣೆ ಬರುತ್ತಿದ್ದದ್ದು ಆ ಸೀಲಿನಿಂದಲೇ. ಆದರೆ ಅದು ಯಾಕೆ ಬರುತ್ತಿದೆ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ.

ಈ ಸೀಲ್ ಬದಲಿಸಬೇಕೆಂದರೆ ಪ್ರೊಪೆಲರ್ ಶಾಫ್ಟ್ ಬಿಚ್ಚಿ, ಗೇರ್‌ಬಾಕ್ಸನ್ನು ಕೆಳಗಿಳಿಸಿ, ಕ್ಲಚ್ ತೆಗೆದು, ಕ್ರ್ಯಾಂಕಿನ ಹಿಂತುದಿಗೆ ಬಿಗಿದಿರುವ ಭಾರದ ಚಕ್ರವಾದ ಫ್ಲೈವೀಲ್ ಕಳಚಬೇಕು. ಬೆಲ್‌ಹೌಸಿಂಗ್‌ನ ಮೇಲ್ಭಾಗದ ಬೋಲ್ಟ್‌ಗಳಿಗೆ ಕೈ ಹೋಗುವುದಿಲ್ಲವಾದ್ದರಿಂದ ಎಕ್ಸ್‌ಟೆನ್ಷನ್ ರಾಡ್‌ಗಳನ್ನು ಒಂದಕ್ಕೊಂದು ಜೋಡಿಸಿ, ಗೇರ್‌ಬಾಕ್ಸಿನ ಹಿಂತುದಿಯನ್ನು ಸ್ವಲ್ಪ ಇಳಿಬಿಟ್ಟು, ಅದರ ಬೆನ್ನ ಮೇಲಿನಿಂದ ಸಾಕೆಟ್ಟನ್ನು ಹಾಯಿಸಬೇಕಾಗುತ್ತದೆ. ಫ್ಲೈವೀಲ್ ತೆಗೆಯುವ ಮೊದಲು ಅದಕ್ಕೂ ಕ್ರ್ಯಾಂಕಿಗೂ ಸೇರಿ ಒಂದು ಗುರುತು ಹಾಕಿಕೊಳ್ಳದಿದ್ದರೆ ಮುಂದೆ ತೊಂದರೆ ತಪ್ಪಿದ್ದಲ್ಲ, ಏಕೆಂದರೆ ಅದು ಎಂಟು ಬೋಲ್ಟ್‌ಗಳ ಮೇಲೆ ಎಂಟು ಬಗೆಯಲ್ಲಿ ಕೂರುತ್ತದೆ, ಮತ್ತು ಫ್ಲೈವೀಲಿನ ಹಲ್ಲುಗಳನ್ನು ಸೆನ್ಸರ್ ಓದುವ ನಂತರದ ಮಾದರಿಗಳಲ್ಲಿ ತಪ್ಪು ಜಾಗದಲ್ಲಿ ಕೂತರೆ ಎಂಜಿನ್ ಚಾಲೂ ಆಗುವುದೇ ಇಲ್ಲ. ಇವೆಲ್ಲವನ್ನೂ ನಾನು ಚೊಕ್ಕವಾಗಿಯೇ ಮಾಡಿದೆ. ಹಳೆಯ ಸೀಲಿನ ತುಟಿ ಉಜ್ಜಿ ಉಜ್ಜಿ ಕ್ರ್ಯಾಂಕಿನ ಮೇಲೆ ತೆಳುವಾದ ಗೆರೆ ಬಿದ್ದಿತ್ತು. ಹೊಸ ಸೀಲಿನ ತುಟಿ ಅದೇ ಗೆರೆಯ ಮೇಲೆ ಕೂರದೆ ಪಕ್ಕದ ನಯವಾದ ಲೋಹದ ಮೇಲೆ ಕೂರುವಂತೆ ಅದನ್ನು ಕೂದಲೆಳೆಯಷ್ಟು ಬೇರೆ ಆಳಕ್ಕೆ ಕೂರಿಸಿದೆ. ಎರಡನೆಯ ದಿನ ಸಂಜೆ ಕಾರು ಚಾಲೂ ಮಾಡಿ ಕೊಟ್ಟಾಗ ಕೆಲಸದ ಬಗ್ಗೆ ನನಗೆ ಪೂರ್ಣ ತೃಪ್ತಿಯಿತ್ತು.

ಮೂರು ವಾರ ಕಳೆಯುವಷ್ಟರಲ್ಲಿ ಮಾಲೀಕರ ಫೋನ್ ಬಂತು. ‘ನೆಲದ ಮೇಲೆ ಮತ್ತೆ ಎಣ್ಣೆ ಕಾಣ್ತಾ ಇದೆ, ನೀವೇ ಒಂದ್ಸಲ ಬಂದು ನೋಡಿ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

ಈ ಸಲ ನಾನು ಕಾರಿನ ಕೆಳಗೆ ಮಲಗಲಿಲ್ಲ. ಬಾನೆಟ್ ಎತ್ತಿ, ಎಂಜಿನ್ ಬಿಸಿಯಾಗುವವರೆಗೂ ಓಡಿಸಿ, ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದು, ಆ ಬಾಯಿಗೆ ಒಂದು ತೆಳು ರಬ್ಬರ್ ಕೈಗವಸನ್ನು ಬಿಗಿಯಾಗಿ ಹಿಡಿದೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಗವಸು ಸ್ವಲ್ಪ ಒಳಗೆ ಎಳೆದುಕೊಳ್ಳಬೇಕು. ಇಲ್ಲಿ ಐದು ಬೆರಳುಗಳೂ ಒಂದೊಂದಾಗಿ ಎದ್ದು ನಿಂತು, ಗವಸು ಬಲೂನಿನಂತೆ ಉಬ್ಬಿತು. ಒಳಗಿನ ಒತ್ತಡವೇ ಎಣ್ಣೆಯನ್ನು ಸೀಲಿನಾಚೆ ತಳ್ಳುತ್ತಿತ್ತು. ಹಳೆಯ ಸೀಲ್ ಇದ್ದಾಗಲೂ ತಳ್ಳಿತ್ತು, ಹೊಸ ಸೀಲನ್ನೂ ತಳ್ಳುತ್ತಿತ್ತು.

ಇದರ ಹಿನ್ನೆಲೆ ಹೀಗಿದೆ. ಸಿಲಿಂಡರಿನಲ್ಲಿ ಉರಿಯುವ ಅನಿಲದ ಒಂದು ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಕ್ರ್ಯಾಂಕ್‌ಶಾಫ್ಟ್ ತಿರುಗುವ ಕೆಳಗೂಡಾದ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಅದಕ್ಕೆ ಹೊರಹೋಗಲು ದಾರಿ ಬೇಕು. ಈ ಎಂಜಿನ್ನಿನಲ್ಲಿ, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಬ್ಲಾಕಿಗೆ ಕೂರಿಸಿದ ಒಂದು ಡಬ್ಬಿ ಅನಿಲದಿಂದ ಎಣ್ಣೆಯ ಹನಿಗಳನ್ನು ಬೇರ್ಪಡಿಸುತ್ತದೆ. ಅಲ್ಲಿಂದ ಮೇಲೆ ಬರುವ ಹೋಸಿನ ತುದಿಯಲ್ಲಿ ಫ್ಲೇಮ್ ಟ್ರ್ಯಾಪ್ ಎಂದು ಕರೆಯುವ, ತೂತುಗಳಿರುವ ಚಿಕ್ಕ ಬಿಲ್ಲೆಯೊಂದು ಪ್ಲಾಸ್ಟಿಕ್ ಹಿಡಿಕೆಯೊಳಗೆ ಕುಳಿತಿರುತ್ತದೆ. ಹಿಂದಕ್ಕೆ ಜ್ವಾಲೆ ನುಗ್ಗಿದರೆ ತಡೆಯಲೆಂದು ಇಟ್ಟ ಈ ಬಿಲ್ಲೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹತ್ತಿರದ ದೂರಗಳಿಗಷ್ಟೇ ಓಡುವ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ನೀರಾವಿ ಎಣ್ಣೆಯೊಂದಿಗೆ ಬೆರೆತು ಮಡ್ಡಿ ಕಟ್ಟುತ್ತದೆ, ಮತ್ತು ಆ ಮಡ್ಡಿ ಮೊದಲು ಹೋಗಿ ಕೂರುವುದು ಈ ತೂತುಗಳಲ್ಲಿಯೇ. ಮಾಲೀಕರನ್ನು ಕೇಳಿದಾಗ ಕಾರು ಕೆಲವು ವರ್ಷಗಳಿಂದ ಅಂಥ ಓಡಾಟವನ್ನಷ್ಟೇ ಕಂಡಿದೆ ಎಂದು ತಿಳಿಯಿತು. ಈ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಬಹುದಿತ್ತು.

ಬಿಲ್ಲೆಯನ್ನು ಹೊರಗೆಳೆದಾಗ ಅದರಲ್ಲಿ ಒಂದು ತೂತೂ ಕಾಣಲಿಲ್ಲ. ಡಾಂಬರಿನಂಥ ಕಪ್ಪು ಗಟ್ಟಿ ಪದರವೊಂದು ಎರಡೂ ಬದಿಗೆ ಮೆತ್ತಿಕೊಂಡಿತ್ತು. ಮ್ಯಾನಿಫೋಲ್ಡಿಗೆ ಹೋಗುವ ಸಣ್ಣ ಕೊಳವೆಯೂ ಮುಚ್ಚಿಹೋಗಿ, ತಂತಿ ಹಾಕಿ ಚುಚ್ಚಿದಾಗ ಮಡ್ಡಿ ತುಂಡುತುಂಡಾಗಿ ಬಂತು. ಬಿಲ್ಲೆ, ಹಿಡಿಕೆ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ಹೋಸ್ ಮತ್ತು ಕೆಳಗಿನ ಡಬ್ಬಿಯನ್ನು ಬದಲಿಸಿದೆ. ಅರ್ಧ ದಿನದ ಕೆಲಸ. ಕೈಗೆ ಸಿಗದ್ದೆಂದರೆ ಮ್ಯಾನಿಫೋಲ್ಡಿನ ಕೆಳಗಿನ ಡಬ್ಬಿ ಒಂದೇ. ಗವಸನ್ನು ಮತ್ತೆ ಹಿಡಿದಾಗ ಅದು ಮೆಲ್ಲಗೆ ಒಳಸರಿಯಿತು. ಕಾರಿನ ಅಡಿಯನ್ನು ಒರೆಸಿ ಸ್ವಚ್ಛ ಮಾಡಿ, ರಾತ್ರಿ ಕಾರು ನಿಲ್ಲುವ ಕಡೆ ರಟ್ಟಿನ ಹಾಳೆ ಹಾಸಲು ಹೇಳಿ ಬಂದೆ. ಒಂದು ವಾರದ ಮೇಲೆ ಹೋಗಿ ನೋಡಿದಾಗ ರಟ್ಟು ಒಣಗಿಯೇ ಇತ್ತು. ಎರಡನೆಯ ಸಲದ ಕೂಲಿಯನ್ನು ನಾನು ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಆ ದಿನದಿಂದ ಎಣ್ಣೆ ಸೋರಿಕೆ ಎಂದು ಕರೆ ಬಂದರೆ ಸ್ಪ್ಯಾನರಿಗಿಂತ ಮೊದಲು ಗವಸು ಹೊರಬರುತ್ತದೆ. ಆಮೇಲೆ ಎಂಜಿನ್ನಿನ ಹೊರಮೈಯನ್ನು ತೊಳೆದು, ಸ್ವಲ್ಪ ದೂರ ಓಡಿಸಿ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕುತ್ತೇನೆ. ಎಣ್ಣೆ ಕೆಳಗಿಳಿಯುತ್ತದೆ, ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ಒಯ್ಯುತ್ತದೆ. ಎಂಜಿನ್ನಿನ ತುದಿಯ ಮೇಲಿರುವ ವಾಲ್ವ್ ಕವರಿನ ಗ್ಯಾಸ್ಕೆಟ್ ಹಿಂತುದಿಯಲ್ಲಿ ಸೋರಿದರೂ ಹನಿ ಬೀಳುವುದು ಬೆಲ್‌ಹೌಸಿಂಗ್‌ನ ಅಡಿಯಿಂದಲೇ.

ಇದೇ ಕಣ್ಣು ವ್ಯಾಗನ್ನಿನ ಹಿಂಬಾಗಿಲಿನ ವಿಷಯದಲ್ಲೂ ಬೇಕು. ಹಿಂದಿನ ವೈಪರ್ ನಿಂತಿದೆ, ನಂಬರ್ ಪ್ಲೇಟಿನ ದೀಪ ಆಗಾಗ ಮಿನುಗುತ್ತದೆ, ಗಾಜಿನ ಮಂಜು ಕರಗಿಸುವ ತಂತಿಗಳು ಬಿಸಿಯಾಗುತ್ತಿಲ್ಲ ಎಂದು ಒಬ್ಬರು ಕರೆದಿದ್ದರು. ಅಷ್ಟರೊಳಗೆ ಅವರು ವೈಪರ್ ಮೋಟಾರನ್ನೂ ಸ್ವಿಚ್ಚನ್ನೂ ಹೊಸದಾಗಿ ಹಾಕಿಸಿಕೊಂಡಿದ್ದರು. ಒಂದೇ ಬಾಗಿಲಿನ ಮೂರು ಕೆಲಸಗಳು ಒಟ್ಟಿಗೆ ಕೆಟ್ಟಿದ್ದರೆ ಮೂರಕ್ಕೂ ಸಾಮಾನ್ಯವಾದ ದಾರಿಯನ್ನು ಮೊದಲು ನೋಡಬೇಕು, ಆ ದಾರಿ ಹಾಯುವುದು ಬಾಗಿಲಿನ ಹಿಂಜಿನ ಬಳಿ. ಬಾಗಿಲು ಎತ್ತಿದಾಗಲೆಲ್ಲ ಅಲ್ಲಿ ವೈರುಗಳು ಬಾಗುತ್ತವೆ, ವರ್ಷಗಳು ಉರುಳಿದಂತೆ ಒಳಗಿನ ತಾಮ್ರ ಎಳೆಎಳೆಯಾಗಿ ತುಂಡಾಗುತ್ತದೆ, ಆದರೆ ಹೊರಗಿನ ಹೊದಿಕೆ ಮಾತ್ರ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಕಣ್ಣಿಗೆ ಕಾಣದ ಈ ದೋಷ ಬೆರಳಿಗೆ ಸಿಗುತ್ತದೆ. ಪ್ರತಿ ವೈರನ್ನೂ ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದೆ. ನಾಲ್ಕನೆಯದು ರಬ್ಬರಿನಂತೆ ಹಿಗ್ಗಿತು. ತಾಮ್ರ ಇದ್ದಿದ್ದರೆ ಅದು ಹಿಗ್ಗುತ್ತಿರಲಿಲ್ಲ. ಇನ್ನೂ ಎರಡು ವೈರುಗಳು ಹಾಗೆಯೇ ಸಿಕ್ಕವು, ಅವುಗಳಲ್ಲೊಂದು ಅರ್ಥ್ ವೈರ್.

ಇಂಥ ಕಡೆ ಬೆಸುಗೆಯನ್ನು ಬಾಗುವ ಜಾಗದಲ್ಲಿ ಹಾಕಬಾರದು, ಬೆಸುಗೆ ಹಾಕಿದ ವೈರ್ ಗಟ್ಟಿಯಾಗಿ ಅದರ ಅಂಚಿನಲ್ಲೇ ಮತ್ತೆ ತುಂಡಾಗುತ್ತದೆ. ಸಿಲಿಕೋನ್ ಹೊದಿಕೆಯ, ಸಣ್ಣ ಎಳೆಗಳು ಹೆಚ್ಚಿರುವ ಮೆತ್ತನೆಯ ವೈರನ್ನು ಹಿಂಜಿನ ಎರಡೂ ಬದಿಗೆ ಒಂದು ಗೇಣು ದಾಟುವಷ್ಟು ಉದ್ದ ತೆಗೆದುಕೊಂಡು, ಜೋಡಣೆಗಳು ಒಂದೇ ಕಡೆ ಗಂಟಾಗದಂತೆ ಹಿಂದೆ ಮುಂದೆ ಹಾಕಬೇಕು. ಕೆಲಸ ಮುಗಿದ ಮೇಲೆ ವೈಪರ್ ಓಡುತ್ತಿರುವಾಗಲೇ ಮೋಟಾರಿನ ಅರ್ಥ್ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ಮೀಟರ್ ಹಿಡಿದು ನೋಡಿದೆ, 0.1 ವೋಲ್ಟಿನ ಒಳಗಿತ್ತು. ಅವರು ಬಿಚ್ಚಿಸಿ ಇಟ್ಟಿದ್ದ ಹಳೆಯ ಮೋಟಾರಿಗೂ ಬ್ಯಾಟರಿ ಕೊಟ್ಟು ನೋಡಿದೆ. ಅದು ಚೆನ್ನಾಗಿಯೇ ತಿರುಗಿತು.

ಮರ್ಸಿಡಿಸ್‌ನ ಎಸ್123 ವ್ಯಾಗನ್ ತಂದವರಿಗೂ ಒಂದು ಮಾತು. 1986ರವರೆಗೆ ತಯಾರಾದ ಈ ಮಾದರಿಯಲ್ಲಿ ಭಾರ ಹೇರಿದರೂ ಹಿಂಭಾಗ ಒಂದೇ ಎತ್ತರದಲ್ಲಿ ನಿಲ್ಲುವಂತೆ ಎಂಜಿನ್ ಓಡಿಸುವ ಪಂಪ್ ಮತ್ತು ಎಣ್ಣೆಯ ಒತ್ತಡದ ವ್ಯವಸ್ಥೆ ಇದೆ. ಹಿಂಭಾಗ ಕುಲುಕಿ ಬಡಿಯತೊಡಗಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದುಕೊಳ್ಳುವುದು ಸಹಜ. ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು ಒಳಗೆ ಪೊರೆಯಿಂದ ಬೇರ್ಪಡಿಸಿ ನೈಟ್ರೋಜನ್ ತುಂಬಿದ ಎರಡು ಗೋಳಗಳನ್ನು. ಅನಿಲ ಸೋರಿಹೋದ ಗೋಳ ಸ್ಪ್ರಿಂಗಿನಂತೆ ಮಣಿಯುವುದಿಲ್ಲ. ಇವುಗಳ ಪೈಪ್ ಬಿಚ್ಚುವ ಮುನ್ನ ಒತ್ತಡ ಇಳಿಸುವುದನ್ನು ಮರೆಯಬಾರದು, ವ್ಯವಸ್ಥೆಗೆ ನಿಗದಿಯಾದ ಹೈಡ್ರಾಲಿಕ್ ಎಣ್ಣೆಯನ್ನಲ್ಲದೆ ಬ್ರೇಕ್ ಎಣ್ಣೆಯನ್ನು ಎಂದೂ ಸುರಿಯಬಾರದು.

ಮೊದಲು ಹೇಳಿದ ವೋಲ್ವೊ ಈಗಲೂ ನನ್ನ ಕೈಯಲ್ಲಿದೆ. ಒಂದು ಬಿಟ್ಟು ಒಂದು ಎಣ್ಣೆ ಬದಲಾವಣೆಗೆ ಫ್ಲೇಮ್ ಟ್ರ್ಯಾಪ್ ಹೊರತೆಗೆದು ತೂತುಗಳನ್ನು ಬೆಳಕಿಗೆ ಹಿಡಿದು ನೋಡುತ್ತೇನೆ, ಸಣ್ಣ ಕೊಳವೆಗೆ ತಂತಿ ಹಾಯಿಸುತ್ತೇನೆ, ಕಂಡದ್ದನ್ನು ಕಿಲೋಮೀಟರ್ ಸಮೇತ ಗ್ಲವ್ ಬಾಕ್ಸಿನಲ್ಲಿಟ್ಟ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನಡುವೆ ನಾನು ಹೋಗದ ಸಲ ಗವಸಿನ ಪರೀಕ್ಷೆಯನ್ನು ಮಾಲೀಕರೇ ಮಾಡಿ, ನನ್ನ ಸಾಲುಗಳ ಕೆಳಗೆ ‘ಒಳಕ್ಕೆ ಎಳೆಯಿತು’ ಎಂದು ತಮ್ಮ ಕೈಬರಹದಲ್ಲಿ ಬರೆದಿಡುತ್ತಾರೆ.