ಮಂಡಿ ಮಡಚುವ ಮೊದಲು ನೆಟ್ಟಗಾಗಬೇಕು

ನಾನು ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವ ಆಸ್ಪತ್ರೆಗೆ ಮೊಣಕಾಲಿನ ಮೂಳೆ ಮುರಿದುಕೊಂಡು ಬರುವವರಲ್ಲಿ ಹೆಚ್ಚಿನವರು ಬೈಕಿನಿಂದ ಬಿದ್ದವರು, ಇಲ್ಲವೇ ಒದ್ದೆ ಬಚ್ಚಲಿನಲ್ಲಿ ಜಾರಿದವರು. ಕೆಲವರಿಗೆ ಮಂಡಿಚಿಪ್ಪು ಒಡೆದು ತಂತಿ ಬಿಗಿದಿರುತ್ತಾರೆ. ಕೆಲವರಿಗೆ ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ ಕುಸಿದು ಪ್ಲೇಟು, ಸ್ಕ್ರೂ ಹಾಕಿರುತ್ತಾರೆ. ಪೆಟ್ಟು ಯಾವುದೇ ಇರಲಿ, ಮನೆಯವರ ಮೊದಲ ಪ್ರಶ್ನೆ ಒಂದೇ: “ಮೇಡಂ, ಕಾಲು ಯಾವಾಗ ಮಡಚೋಕೆ ಬರುತ್ತೆ? ಇನ್ನು ನೆಲದ ಮೇಲೆ ಕೂರೋಕೆ ಆಗುತ್ತಾ?”

ಊಟಕ್ಕೂ ಪೂಜೆಗೂ ಶೌಚಕ್ಕೂ ಮಂಡಿ ಮಡಚಲೇಬೇಕಾದ ನಮ್ಮ ಮನೆಗಳಲ್ಲಿ ಈ ಆತಂಕ ಸಹಜ. ಆದರೆ ಕಾಲು ಪೂರ್ತಿ ನೆಟ್ಟಗಾಗುತ್ತಿದೆಯೇ ಎಂಬುದನ್ನು ಅದಕ್ಕಿಂತ ಮೊದಲು ನೋಡಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಿಳಿಯಲು ಸುಮಾರು 90ರಿಂದ 100 ಡಿಗ್ರಿ ಮಡಚಿದರೆ ಸಾಕಾಗುತ್ತದೆ. ನೆಟ್ಟಗಾಗುವುದರಲ್ಲಿ 10 ಡಿಗ್ರಿ ಕೊರತೆ ಉಳಿದರೂ ನಡಿಗೆ ಕುಂಟುತ್ತದೆ, ತೊಡೆ ಬೇಗ ಸೋಲುತ್ತದೆ.

ಆದ್ದರಿಂದ ವಾರ್ಡಿಗೆ ಹೋದಾಗ ನನ್ನ ಕಣ್ಣು ಮೊದಲು ಹುಡುಕುವುದು ದಿಂಬನ್ನು. ಊದಿದ ಮಂಡಿಗೆ ಸ್ವಲ್ಪ ಬಾಗಿದ ಸ್ಥಿತಿಯೇ ಹಿತವಾದ್ದರಿಂದ ಮನೆಯವರು ಅಕ್ಕರೆಯಿಂದ ಅದರ ಕೆಳಗೆ ದಿಂಬು ಇಟ್ಟಿರುತ್ತಾರೆ, ಮಂಡಿ ಹಾಗೆಯೇ ಬಿಗಿದುಕೊಳ್ಳತೊಡಗುತ್ತದೆ. ನಾನು ದಿಂಬು ತೆಗೆದು, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಟ್ಟು, ಮಂಡಿಯ ಹಿಂಭಾಗವನ್ನು ಹಾಸಿಗೆಯ ಕಡೆಗೆ ಒತ್ತುವಂತೆ ಹೇಳುತ್ತೇನೆ. ಅನೇಕರಿಗೆ ಆಗ ತೊಡೆ ಬಿಗಿಯುವುದೇ ಇಲ್ಲ. ಊತ ಮತ್ತು ನೋವು ಇರುವಾಗ ತೊಡೆಯ ಮುಂಭಾಗದ ಸ್ನಾಯುವಿಗೆ ನರಗಳಿಂದ ಬರುವ ಪ್ರಚೋದನೆಯೇ ಕುಗ್ಗಿಬಿಡುತ್ತದೆ. ಅದು ರೋಗಿಯ ಸೋಮಾರಿತನವಲ್ಲ. ಮಂಡಿಚಿಪ್ಪಿನ ಸ್ವಲ್ಪ ಮೇಲೆ ಅವರದೇ ಅಂಗೈ ಇರಿಸಿ, ಚೆನ್ನಾಗಿರುವ ಕಾಲಿನಲ್ಲಿ ಮೊದಲು ಮಾಡಿಸಿ, ಆಮೇಲೆ ಈ ಕಾಲಿಗೆ ಬಂದರೆ, ಕೈಯಡಿ ಸಣ್ಣದೊಂದು ಬಿಗಿತ ಅವರಿಗೇ ತಿಳಿಯುತ್ತದೆ. ಕಾಲನ್ನು ನೆಟ್ಟಗೆ ಮೇಲೆತ್ತುವ ವ್ಯಾಯಾಮಕ್ಕೆ ಮಾತ್ರ, ಅದರಲ್ಲೂ ಮಂಡಿಚಿಪ್ಪು ಒಡೆದವರಲ್ಲಿ, ಶಸ್ತ್ರಚಿಕಿತ್ಸಕರ ಒಪ್ಪಿಗೆಗಾಗಿ ಕಾಯುತ್ತೇನೆ.

ಕಾಲೂರುವ ವಿಷಯದಲ್ಲಿ ಪಕ್ಕದ ಮನೆಯವರೊಂದಿಗೆ ಹೋಲಿಸಿಕೊಳ್ಳುವುದು ಅಪಾಯ. ಮಂಡಿಚಿಪ್ಪು ಒಡೆದವರು ಬ್ರೇಸ್ ಹಾಕಿಕೊಂಡು ಕಾಲು ನೆಟ್ಟಗಿಟ್ಟು ಬೇಗನೆ ನಡೆಯಬಹುದು. ಕೆಳಗಿನ ಮೂಳೆಯ ಮೇಲ್ತುದಿ ಕುಸಿದವರು ಸಾಮಾನ್ಯವಾಗಿ 6ರಿಂದ 12 ವಾರ ಆ ಕಾಲಿನ ಮೇಲೆ ಮೈಯ ಪೂರ್ತಿ ಭಾರ ಹಾಕುವಂತಿಲ್ಲ, ಏಕೆಂದರೆ ಕೂಡಿಸಿದ ಕೀಲಿನ ಮೇಲ್ಮೈ ಮತ್ತೆ ಕುಸಿಯಬಹುದು. ಎಣ್ಣೆ ತಿಕ್ಕಿ ಬಲವಂತದಿಂದ ಕಾಲು ಮಡಚಿಸುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವ್ಯಾಯಾಮದ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಸರಿ. ಮರುದಿನ ಬೆಳಿಗ್ಗೆ ಮಂಡಿ ಊದಿ ಬಿಸಿಯಾಗಿದ್ದರೆ ಅತಿಯಾಯಿತು ಎಂದರ್ಥ. ಮೀನಖಂಡ ಊದಿ ನೋಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿರುವುದರಿಂದ ವ್ಯಾಯಾಮ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬರಬೇಕು.

ಮಡಚುವುದನ್ನು ನಾನು ಕಡೆಗಣಿಸುವುದಿಲ್ಲ. ವೈದ್ಯರು ಹೇಳಿದ ದಿನದಿಂದಲೇ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುವ ವ್ಯಾಯಾಮ ಶುರುವಾಗುತ್ತದೆ. ಆದರೆ ರೋಗಿಯ ಚೀಟಿಯಲ್ಲಿ ನೆಟ್ಟಗಾದ ಅಳತೆಯನ್ನು ಮೊದಲು ಬರೆದು, ಮಡಚಿದ ಅಳತೆಯನ್ನು ಅದರ ಕೆಳಗೆ ಬರೆಯುತ್ತೇನೆ, ಮನೆಯವರೂ ಅದೇ ಕ್ರಮದಲ್ಲಿ ಕೇಳಲಿ ಎಂದು.