ಎರಡು ಇಲಾಖೆ, ಒಂದೇ ಪಾಸ್‌ಬುಕ್

ವಿಧಾನಸಭೆಯ ಪ್ರಶ್ನೋತ್ತರದ ಹಾಳೆಗಳನ್ನು ನಾನು ಬಿಡದೆ ಓದುತ್ತೇನೆ. ಅಧಿವೇಶನ ನಡೆಯುವಾಗ ಅವು ವಿಧಾನಸಭೆಯ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತವೆ, ಕನ್ನಡದಲ್ಲೇ. ಎಡಗಡೆ ಶಾಸಕರ ಪ್ರಶ್ನೆ (ಅ), (ಆ), (ಇ) ಅಂತ ಇರುತ್ತದೆ. ಬಲಗಡೆ ಸಚಿವರ ಉತ್ತರ. ಹೆಚ್ಚಿನ ಸಲ ಉತ್ತರ ಎರಡೇ ಸಾಲು. ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’ ಅಂತ ಮುಗಿಯುತ್ತದೆ. ಹಾಗಾಗಿ ನಾನು ನೇರ ಕೊನೆಯ ಪುಟಗಳಿಗೆ ಹೋಗುತ್ತೇನೆ. ತಾಲ್ಲೂಕುವಾರು ಲೆಕ್ಕ ಇರುವುದು ಅಲ್ಲೇ. ಅಫಜಲಪುರದ ಸಾಲು ಹುಡುಕುತ್ತೇನೆ.

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯಲ್ಲಿದೆ. ನಾನು ಕಲಬುರಗಿಯಲ್ಲಿ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅವ್ವ, ಅಪ್ಪ ಊರಲ್ಲೇ ಇದ್ದಾರೆ. ಹೊಲದಲ್ಲಿ ತೊಗರಿ.

2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಬಗ್ಗೆ ದೊಡ್ಡ ಗದ್ದಲ ಆಯಿತು. ಆಗಸ್ಟ್‌ವರೆಗಿನ ಹಣ ಕೊಟ್ಟಾಗಿದೆ ಎಂದು ಸರ್ಕಾರ ಉತ್ತರ ಕೊಟ್ಟಿತ್ತು. ಹಾಗಾದರೆ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಕಂತು ಎಲ್ಲಿ ಎಂದು ವಿರೋಧ ಪಕ್ಷದವರು ಪಟ್ಟು ಹಿಡಿದರು. ಕಡೆಗೆ ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಸದನದಲ್ಲಿ ವಿಷಾದ ವ್ಯಕ್ತಪಡಿಸಬೇಕಾಯಿತು. ಒಬ್ಬ ಹೆಣ್ಣುಮಗಳ ಲೆಕ್ಕದಲ್ಲಿ ಅದು 4,000 ರೂಪಾಯಿ. ಸುಮಾರು ಒಂದೂಕಾಲು ಕೋಟಿ ಮನೆಗಳಿಗೆ ಲೆಕ್ಕ ಹಾಕಿದರೆ 5,000 ಕೋಟಿಯ ಹತ್ತಿರ ಹೋಗುತ್ತದೆ.

ಆ ಪ್ರಶ್ನೆ ಯಾವ ಪಕ್ಷದಿಂದ ಬಂತು ಅನ್ನುವುದು ನನಗೆ ಮುಖ್ಯ ಅಲ್ಲ. ಯಾಕೆ ಕೆಲಸ ಮಾಡಿತು ಅನ್ನುವುದು ಮುಖ್ಯ. ತಿಂಗಳ ಹೆಸರು ಹಿಡಿದು ಕೇಳಿದ್ದರು. ‘ಗ್ಯಾರಂಟಿಗಳಿಂದ ರಾಜ್ಯ ದಿವಾಳಿ ಆಗುತ್ತಿದೆ ಅಲ್ಲವೇ’ ಅಂತ ಕೇಳಿದ್ದರೆ ಈ ಕಡೆಯಿಂದ ಒಂದು ಭಾಷಣ, ಆ ಕಡೆಯಿಂದ ಇನ್ನೊಂದು ಭಾಷಣ ಆಗಿ ಊಟದ ಹೊತ್ತು ಬರುತ್ತಿತ್ತು. ಫೆಬ್ರವರಿ, ಮಾರ್ಚ್ ಅಂದಾಗ ಜಾರಿಕೊಳ್ಳಲು ದಾರಿ ಇರಲಿಲ್ಲ.

ಗೃಹಲಕ್ಷ್ಮಿ ಬೇಡ ಅನ್ನುವವರ ಜೊತೆ ನಾನಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆ ದುಡ್ಡು ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ.

2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಕಡೆ ಜೋರು ಮಳೆ ಆಯಿತು. ಉಜನಿ ಜಲಾಶಯದಿಂದ, ಸೀನಾ ನದಿಯಿಂದ ಬಂದ ನೀರೆಲ್ಲ ಭೀಮೆಗೆ ಸೇರಿತು. ಇಲ್ಲಿ ಸೊನ್ನ ಬ್ಯಾರೇಜಿನ ಗೇಟುಗಳನ್ನು ಎತ್ತಿದರು. ಅದಕ್ಕೂ ಮೊದಲೇ ನಮ್ಮಲ್ಲಿ ಮಳೆ ಹಿಡಿದಿತ್ತು. ಹೊಲಗಳಲ್ಲಿ ನೀರು ನಿಂತಿತ್ತು. ತೊಗರಿಗೆ ನಿಂತ ನೀರು ಆಗಿಬರುವುದಿಲ್ಲ. ನಮ್ಮದು ಕಪ್ಪು ಮಣ್ಣು, ಬೇಗ ಆರುವುದೂ ಇಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದೆ. ಗಿಡ ಮೇಲೆ ಹಸಿರಾಗಿಯೇ ಇತ್ತು. ಅಪ್ಪ ಒಂದನ್ನು ಹಿಡಿದು ಎಳೆದರು, ಸಲೀಸಾಗಿ ಕೈಗೆ ಬಂತು. ಬೇರು ಕಪ್ಪಾಗಿ, ಸಿಪ್ಪೆ ಕಳಚಿ, ಲೋಳೆ ಲೋಳೆ ಆಗಿತ್ತು. ವಾಸನೆ ಹೊಡೆಯುತ್ತಿತ್ತು. ಇನ್ನು ನಾಲ್ಕು ದಿನಕ್ಕೆ ಬಾಡುತ್ತದೆ ಅಂತ ಹೇಳಿ ಅಪ್ಪ ಮುಂದಿನ ಸಾಲಿಗೆ ಹೋದರು.

ಮುಖ್ಯಮಂತ್ರಿ ಸಿದ್ದರಾಮಯ್ಯ ಸೆಪ್ಟೆಂಬರ್ ಕೊನೆಗೆ ವೈಮಾನಿಕ ಸಮೀಕ್ಷೆ ಮಾಡಿ, ಕಲಬುರಗಿಯಲ್ಲೇ ಪರಿಹಾರ ಘೋಷಿಸಿದರು. ಮಳೆಯಾಶ್ರಿತ ಬೆಳೆಗೆ ಕೇಂದ್ರದ ವಿಪತ್ತು ಪರಿಹಾರ ನಿಧಿಯ (ಎನ್‌ಡಿಆರ್‌ಎಫ್) ಲೆಕ್ಕದಲ್ಲಿ ಹೆಕ್ಟೇರಿಗೆ 8,500 ರೂಪಾಯಿ. ರಾಜ್ಯದಿಂದ ಇನ್ನೂ 8,500 ಸೇರಿಸಿ 17,000. ಮಿತಿ ಎರಡು ಹೆಕ್ಟೇರ್. ಸೇರಿಸಿ ಕೊಟ್ಟದ್ದು ಒಳ್ಳೆಯ ಕೆಲಸವೇ.

ಆದರೆ ಈ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ. ನಮ್ಮ ಓಣಿಯ ಒಬ್ಬ ಅಕ್ಕನ ಮನೆಯವರು ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಾರೆ. ಬೀಜ ಅವರದು, ಗೊಬ್ಬರ ಅವರದು, ದುಡಿಮೆ ಅವರದು. ಪಹಣಿ ಮಾತ್ರ ಊರು ಬಿಟ್ಟು ಪುಣೆಯಲ್ಲಿರುವವರ ಹೆಸರಲ್ಲಿ. ಪರಿಹಾರ ಪುಣೆಯವರ ಖಾತೆಗೆ ಹೋಗುತ್ತದೆ. ನಾನು ದೀಪಾವಳಿಗೆ ಹೋದಾಗ ಆ ಅಕ್ಕನನ್ನು ಕೇಳಿದೆ, ಈಗ ಮನೆ ಹೆಂಗ ನಡೀಲಿಕತ್ತದ ಅಂತ.

‘ಅದೇ ಎರಡು ಸಾವಿರ ಅದ ನೋಡವ್ವ. ಅದು ಬಂದ್ರ ಎಣ್ಣಿ, ಬ್ಯಾಳಿ. ಬರ್ಲಿಲ್ಲಂದ್ರ ಉದ್ರಿ.’

ತೊಗರಿ ಬೆಳೆಯುವ ಮನೆಯಲ್ಲಿ ಬೇಳೆ ಉದ್ರಿ ತರುತ್ತಿದ್ದಾರೆ. ನನಗೆ ಅಂದಿನಿಂದ ಈ ಮಾತು ತಲೆಯಿಂದ ಹೋಗಿಲ್ಲ.

ಸರ್ಕಾರದ ಕಡತದಲ್ಲಿ ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಬೆಳೆ ಪರಿಹಾರ ಕಂದಾಯದ್ದು. ಹವಾಮಾನ ಬದಲಾವಣೆ ಅಂದರೆ ಪರಿಸರ ಇಲಾಖೆ. ಸದನದಲ್ಲೂ ಹಾಗೇ ಬೇರೆ ಬೇರೆ ದಿನ, ಬೇರೆ ಬೇರೆ ಸಚಿವರು. ಆದರೆ ನೆರೆ ಬಂದ ವರ್ಷ ಆ ಅಕ್ಕನಿಗೆ ಗೃಹಲಕ್ಷ್ಮಿಯೇ ನೆರೆ ಪರಿಹಾರ. ಬೇರೆ ಯಾವುದೂ ಅವರ ಪಾಸ್‌ಬುಕ್‌ಗೆ ಬರಲಿಲ್ಲ. ಒಂದು ಕಂತು ತಡವಾದರೆ ಅವರಿಗೆ ಅದು ಎರಡು ಪೆಟ್ಟು. ಇದನ್ನು ಕೂಡಿಸಿ ಕೇಳುವ ಶಾಸಕರು ಬೇಕು ಅನ್ನುವುದೇ ನನ್ನ ಮಾತು.

ಇದು ಒಂದು ವರ್ಷದ ಕಥೆ ಅಲ್ವಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಯಿತು. ಮರುವರ್ಷ ಬೇಸಿಗೆಯಲ್ಲಿ ಇದೇ ಭೀಮಾ ಬತ್ತಿತ್ತು. ಬರ ಪರಿಹಾರಕ್ಕೆ ರಾಜ್ಯ 18,171 ಕೋಟಿ ಕೇಳಿ, ಸುಪ್ರೀಂ ಕೋರ್ಟಿಗೂ ಹೋಗಿ, 3,454 ಕೋಟಿ ಪಡೆಯಿತು. ಅದಾದ ಮರುವರ್ಷವೇ ಹೊಳೆ ದಂಡೆ ಮೀರಿತು. ಒಂದು ವರ್ಷ ನೀರಿಲ್ಲ, ಒಂದು ವರ್ಷ ನೀರೇ ನೀರು. ನಡುವೆ ಹೊಳೆ ದಂಡೆಯ ಹಳ್ಳಿಗಳಿಗೆ ಅಂತ ಏನು ತಯಾರಿ ನಡೆದಿತ್ತು?

ಬೆಂಗಳೂರಿಗೆ 2023ರ ನವೆಂಬರ್‌ನಲ್ಲಿ ಒಂದು ಹವಾಮಾನ ಕ್ರಿಯಾ ಯೋಜನೆ ಬಂತು. 2050ರ ಗುರಿ ಇಟ್ಟುಕೊಂಡ ದೊಡ್ಡ ದಾಖಲೆ. ಸಂತೋಷ. ಈ ಕಡೆ ಕಣ್ಣಿಗೆ ಕಾಣುವ ಕ್ರಮ ಅಂದರೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುವುದು. ಅದು ಬೇಕೇ ಬೇಕು, ಇಲ್ಲಿಯ ಬಿಸಿಲು ಗೊತ್ತಿದ್ದವರು ಬೇಡ ಅನ್ನುವುದಿಲ್ಲ. ಆದರೆ ಫ್ಯಾನಿನ ಕೆಳಗೆ ಕೂತವರಿಗೆ ಸಿಕ್ಕ ಆ ರಕ್ಷಣೆ ಕಲ್ಲು ಒಡೆಯುವವರಿಗೆ, ಕೂಲಿಗೆ ಹೋಗುವ ಹೆಂಗಸರಿಗೆ ಹೇಗೆ ಸಿಗಬೇಕು ಅಂತ ಕೇಳುವವರು ಯಾರು?

ಇನ್ನು ದುಡ್ಡಿನ ವಿಷಯ. 2025–26ರ ಬಜೆಟ್ 4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ, ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ. 2025ರ ಆಗಸ್ಟ್‌ನಲ್ಲಿ ಮಂಡನೆಯಾದ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ, 2023–24ರಲ್ಲಿ ಬಂಡವಾಳ ವೆಚ್ಚ ಹಿಂದಿನ ವರ್ಷಕ್ಕಿಂತ 5,229 ಕೋಟಿ ಕಡಿಮೆ ಆಯಿತು ಎಂದಿತು. ಬಂಡವಾಳ ವೆಚ್ಚ ಅಂದರೆ ಸೇತುವೆ, ಕಾಲುವೆ, ರಸ್ತೆ. ಇದನ್ನು ಹಿಡಿದು ಕೆಲವರು ‘ಗ್ಯಾರಂಟಿ ನಿಲ್ಲಿಸಿ’ ಅನ್ನುತ್ತಾರೆ. ಸರ್ಕಾರದವರು ‘ಬಡವರ ವಿರೋಧಿಗಳು’ ಅಂತ ತಿರುಗಿ ಬೈಯುತ್ತಾರೆ. ನಮ್ಮ ಓಣಿಗೆ ಎರಡೂ ಬೇಕು. ಅಕ್ಕನ ಎರಡು ಸಾವಿರವೂ ಬೇಕು, ಹೊಲದ ನೀರು ಹರಿದು ಹೋಗಲು ಹಳ್ಳಕ್ಕೆ ದಾರಿಯೂ ಬೇಕು. ಹಳ್ಳದ ಹೂಳು ತೆಗೆದಿದ್ದರೆ ಎಷ್ಟು ಎಕರೆ ತೊಗರಿ ಉಳಿಯುತ್ತಿತ್ತು ಅನ್ನುವುದನ್ನು ಅಪ್ಪ ಬೆರಳು ಮಡಚಿ ಹೇಳುತ್ತಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಣೆ ಆಗಿದೆ. ಹಾಗಾಗಿ ದುಡ್ಡೇ ಇಲ್ಲ ಅನ್ನುವ ಉತ್ತರ ನನಗೆ ಒಪ್ಪಿಗೆ ಇಲ್ಲ.

ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು. ಶಾಸಕರು ಪೂರಕ ಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದಿದ್ದರೆ ಬರೀ ಲಿಖಿತ ಉತ್ತರ, ಕಡತಕ್ಕೆ ಸೇರುತ್ತದೆ. ಗದ್ದಲದಲ್ಲಿ ಸದನ ಮುಂದೂಡಿದ ದಿನ ಕೈತಪ್ಪುವುದು ಈ ಪೂರಕ ಪ್ರಶ್ನೆಯೇ. ಸದನದ ಬಾವಿಗಿಳಿದು ಘೋಷಣೆ ಕೂಗಿದ್ದು ಟಿವಿಯಲ್ಲಿ ಬರುತ್ತದೆ, ನಿಜ. ಪಾಲಿಗೆ ಹೊಲ ಮಾಡುವವರ ಪ್ರಶ್ನೆ ಅವತ್ತು ಮೇಜಿನ ಮೇಲೆ ಉಳಿದುಬಿಡುತ್ತದೆ.

ಬಜೆಟ್ ಅಧಿವೇಶನಕ್ಕೆ ಮುಂಚೆ ನಮ್ಮ ಶಾಸಕರಿಗೆ ಕೊಡಲು ಪ್ರಶ್ನೆಗಳನ್ನು ಬರೆದಿಟ್ಟಿದ್ದೇನೆ. ಅವರ ಹಾಳೆಯ ನಮೂನೆಯಲ್ಲೇ ಇವೆ. ನಿಮ್ಮ ತಾಲ್ಲೂಕಿನ ಹೆಸರು ಹಾಕಿ ನೀವೂ ನಿಮ್ಮ ಶಾಸಕರಿಗೆ ಕೊಡಬಹುದು.

(ಅ) 2025ರ ನೆರೆಯಲ್ಲಿ ಬೆಳೆ ಕಳೆದುಕೊಂಡವರಲ್ಲಿ, ಪಾಲಿಗೆ ಅಥವಾ ಗುತ್ತಿಗೆಗೆ ಸಾಗುವಳಿ ಮಾಡುವ ಎಷ್ಟು ಕುಟುಂಬಗಳನ್ನು ಸರ್ಕಾರ ಗುರುತಿಸಿದೆ? (ತಾಲ್ಲೂಕುವಾರು ವಿವರ ನೀಡುವುದು)

(ಆ) ನೆರೆ ಮತ್ತು ಬರ ಘೋಷಣೆಯಾದ ತಾಲ್ಲೂಕುಗಳಲ್ಲಿ, ಘೋಷಣೆಯಾದ ನಂತರದ ಮೂರು ತಿಂಗಳ ಗೃಹಲಕ್ಷ್ಮಿ ಕಂತುಗಳು ಯಾವ ದಿನಾಂಕದಂದು ಖಾತೆಗೆ ಜಮೆಯಾಗಿವೆ?

(ಇ) ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಗೆ ಸೇರುವ ಹಳ್ಳಗಳ ಹೂಳನ್ನು ಕಡೆಯದಾಗಿ ತೆಗೆದದ್ದು ಯಾವಾಗ, ಮುಂದಿನ ಮಳೆಗಾಲದೊಳಗೆ ಯಾವ ಹಳ್ಳಗಳದ್ದು ತೆಗೆಯಲಾಗುವುದು, ಮತ್ತು ಅದಕ್ಕೆ ಎಷ್ಟು ಹಣ ಇಡಲಾಗಿದೆ?