ಉದುರಿದ ಹಣ್ಣು ಯಾರದ್ದು?

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ವಾರ, ಸೋಮವಾರದ ಪೂಜೆಯಲ್ಲಿ ಬೈಬಲ್ಲಿನ ಯಾಜಕಕಾಂಡದ 19ನೇ ಅಧ್ಯಾಯ ಓದುತ್ತಾರೆ. ಕೂಲಿಯವನ ಸಂಬಳವನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಅನ್ನುವ ಮಾತು ಅದರಲ್ಲಿದೆ. ನಮ್ಮ ರೊಬಸ್ಟಾ ಕಾಫಿಯ ಕುಯ್ಲು ನಡೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿನಲ್ಲಿ ಕೂತ ನಮ್ಮಂಥ ತೋಟದವರು ಆ ಸಾಲು ಬಂದಾಗ ಸ್ವಲ್ಪ ನೆಟ್ಟಗೆ ಕೂರುತ್ತೇವೆ. ಶನಿವಾರ ಬಟವಾಡೆ ಅಂತ ಆಳುಗಳ ಹತ್ತಿರ ಮೊದಲೇ ಮಾತಾಗಿದೆ, ಅದೊಂದು ಸಮಾಧಾನ.

ಪೂಜೆಯಲ್ಲಿ ಆ ಅಧ್ಯಾಯವನ್ನು ಪೂರ್ತಿ ಓದುವುದಿಲ್ಲ. ಹೋದ ವರ್ಷ ಮನೆಗೆ ಬಂದು ಉಳಿದದ್ದನ್ನೂ ಓದಿದೆ. ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣನ್ನು ಹೆಕ್ಕಬೇಡ, ಬಡವರಿಗೂ ಪರದೇಶದವರಿಗೂ ಬಿಡು ಅಂತ ಇದೆ. ನಮ್ಮ ತೋಟದಲ್ಲಿ ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಕಾಫಿ ಹೆಕ್ಕಿಸುತ್ತೇವೆ. ಹೆಕ್ಕುವವರು ಅಸ್ಸಾಮಿನಿಂದ ಬಂದವರು. ಹಣ್ಣು ನಮ್ಮ ಕಣಕ್ಕೆ.

ನಮ್ಮ ಯಜಮಾನರಿಗೆ ಹೇಳಿದೆ. "ಬಿಟ್ಟರೆ ಕಾಯಿಕೊರಕಕ್ಕೆ ಊಟ ಹಾಕಿದ ಹಾಗೆ ಅಲ್ವಾ?" ಅಂದರು. ಅದು ನಿಜ. ನೆಲದಲ್ಲಿ ಉಳಿದ ಹಣ್ಣಿನೊಳಗೆ ಆ ಸಣ್ಣ ಕಪ್ಪು ಹುಳು ಕೂತು, ಮುಂದಿನ ಫಸಲಿಗೆ ಹತ್ತುತ್ತದೆ. ಒಂದು ಹಣ್ಣೂ ಬಿಡದೆ ಹೆಕ್ಕಿ ಅಂತ ಕಾಫಿ ಬೋರ್ಡಿನವರು ಹೇಳುವುದು ಅದಕ್ಕೇ. ಮೋಶೆಯ ಕಾಲದ ದ್ರಾಕ್ಷಿಗೆ ಈ ಕಾಟ ಇತ್ತೋ ಏನೋ!

ಹಾಗಾದರೆ ಹೆಕ್ಕಿದವರೇ ಇಟ್ಟುಕೊಳ್ಳಲಿ ಅಂದೆ. ಅದಕ್ಕೂ ತೊಡಕಿತ್ತು. ಆಳುಗಳು ಕಾಫಿ ಮೂಟೆ ಹೊತ್ತು ಅಂಗಡಿಗೆ ಹೋದರೆ ಕದ್ದ ಮಾಲು ಅಂತಲೇ ನೋಡುತ್ತಾರೆ. ಒಳ್ಳೆಯದು ಮಾಡಲು ಹೋಗಿ ಅವರನ್ನು ಪೊಲೀಸರ ಮುಂದೆ ನಿಲ್ಲಿಸುವುದೇ? ಕೊನೆಗೆ, ದಿನಗೂಲಿ ಎಂದಿನಂತೆ, ಹೆಕ್ಕಿದ ಹಣ್ಣನ್ನು ಅಂಗಡಿಯ ರೇಟಿಗೆ ನಾವೇ ಕೊಳ್ಳುವುದು ಅಂತಾಯಿತು. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬೇರೆ ಕಾಲಂ ಹಾಕಿದೆ.

"ಹೊರಗಿನವರಿಗೆ ಇಷ್ಟೆಲ್ಲ ಯಾಕೆ?" ಅಂದರು ಅತ್ತೆ. ನಾವೇನು ಇಲ್ಲೇ ಮೊಳೆತವರಾ? ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟಿದ್ದರಿಂದ ತಾನೇ 1792ರಲ್ಲಿ ವಿರಾಜಪೇಟೆಯಲ್ಲಿ ಚರ್ಚ್ ಎದ್ದಿದ್ದು. ರಾಜ ನಮ್ಮ ಧರ್ಮದವನಾಗಿರಲಿಲ್ಲ. ಅದೇ ಅಧ್ಯಾಯದಲ್ಲಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಅನ್ನುವ ಮಾತೂ ಇದೆ. ಅತ್ತೆ ಸುಮ್ಮನಾದರು. ಒಪ್ಪಿದರು ಅಂತಲ್ಲ, ಜಪಸರದ ಹೊತ್ತಾಗಿತ್ತು.

ಸಂಜೆಯ ಜಪಸರ ನಮ್ಮ ಮನೆಯಲ್ಲಿ ತಪ್ಪುವುದಿಲ್ಲ. ಅದು ಸುಲಭ, ದುಡ್ಡು ಖರ್ಚಾಗುವುದಿಲ್ಲ. ತಕ್ಕಡಿಯ ಹತ್ತಿರ ನಿಂತಾಗಲೇ ನನ್ನ ವಿಶ್ವಾಸ ಎಷ್ಟು ಗಟ್ಟಿ ಅಂತ ಗೊತ್ತಾಗುವುದು. ಮೊದಲ ಚೀಲ ತೂಗುವಾಗ, ಇದು ನಮ್ಮದೇ ಹಣ್ಣಲ್ವಾ ಅಂತ ನನಗೂ ಅನ್ನಿಸಿತು.

ಹೆಕ್ಕಿದ ಹೆಂಗಸಿಗೆ ನನ್ನ ಹರಕು ಹಿಂದಿಯಲ್ಲಿ ವಿಷಯ ತಿಳಿಸಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಸಂಬಳದಲ್ಲಿ ಹಿಡಿಯುತ್ತೀರಾ ಅಂತ ಎರಡೆರಡು ಸಲ ಕೇಳಿದಳು. ಇಲ್ಲ ಅಂದೆ. ದುಡ್ಡು ಎಣಿಸಿಕೊಂಡು, ನಾಳೆ ತಂಗಿಯನ್ನೂ ಕರೆತರಲೇ ಅಂದಳು. ಬರಲಿ ಅಂದೆ. ತೋಟದ ಕೆಳಗಿನ ಭಾಗ ಹೆಕ್ಕುವುದು ಇನ್ನೂ ಬಾಕಿ ಇತ್ತು.